ವಸ್ತಿ ಬಸ್ಸಿನವರು ಎಲ್ಲಿ ಮಲಗಬೇಕು?

ವಸ್ತಿ ಬಸ್ ಗೊತ್ತಲ್ವಾ? ರಾತ್ರಿ ಹಳ್ಳಿಗೆ ಬಂದು, ಅಲ್ಲೇ ತಂಗಿ, ಬೆಳಿಗ್ಗೆ ಎಲ್ಲಕ್ಕಿಂತ ಮೊದಲು ಹೊರಡುವ ಬಸ್. ನಮ್ಮ ರಾಯಚೂರು ಜಿಲ್ಲೆಯಲ್ಲಿ ಕಾಲೇಜಿನ ಮಕ್ಕಳು, ಆಸ್ಪತ್ರೆಗೆ ಹೋಗುವ ಮುದುಕರು, ಮಾಲು ಮಾರಲು ಗಂಜ್ ಮಾರುಕಟ್ಟೆಗೆ ಹೋಗುವ ರೈತರು ಅದನ್ನೇ ನಂಬಿಕೊಂಡಿರುತ್ತಾರೆ. ನಾನೂ ಅದೇ ಬಸ್ಸಿನಲ್ಲಿ ಓದಲು ಹೋದವನು. ಆದರೆ ಆ ಡ್ರೈವರ್ ಕಾಕಾ, ಕಂಡಕ್ಟರ್ ಅಣ್ಣ ರಾತ್ರಿ ಎಲ್ಲಿ ಮಲಗುತ್ತಾರೆ ಅಂತ ಒಂದು ದಿನವೂ ಕೇಳಿರಲಿಲ್ಲ.

ಈಗ ಕೇಳಿದೆ. ಸೆಕೆ ಇದ್ದರೆ ಬಸ್ಸಿನ ಟಾಪ್ ಮೇಲೆ. ಮಳೆ ಬಂದರೆ ಒಳಗೆ, ಸೀಟಿನ ಮೇಲೆ ಮುದುಡಿಕೊಂಡು. ಕೆಲವು ಊರುಗಳಲ್ಲಿ ಹನುಮಪ್ಪನ ಗುಡಿಕಟ್ಟೆ. ಕಂಡಕ್ಟರ್ ತಲೆ ಕೆಳಗೆ ಕಲೆಕ್ಷನ್ ಹಣದ ಬ್ಯಾಗು. ಅದನ್ನು ಅವುಚಿಕೊಂಡು ಮಲಗಿದವರಿಗೆ ಗಾಢ ನಿದ್ದೆ ಹೇಗೆ ಬರಬೇಕು ಹೇಳಿ.

ಇವರಿಗೆ ಮಲಗಲು ಒಂದು ಕೋಣೆ ಬೇಕು ಅನ್ನೋದು ಹೊಸ ಬೇಡಿಕೆ ಏನಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯ 9ನೇ ಕಲಮು ಇದನ್ನೇ ಹೇಳಿತ್ತು. ಕೆಲಸದವರು ರಾತ್ರಿ ತಂಗಬೇಕಾದ ಕಡೆ ಮಾಲೀಕರು ವಿಶ್ರಾಂತಿ ಕೋಣೆ ಮಾಡಿಕೊಡಬೇಕು ಅಂತ. 60 ವರ್ಷ ದಾಟಿತು.

ಇನ್ನು ದೊಡ್ಡ ಊರಿನ ನಿಲ್ದಾಣಗಳು. ಅಲ್ಲಿ ರಾತ್ರಿಯಿಡೀ ಎದ್ದಿರುವವರು ಡ್ರೈವರ್ ಕಂಡಕ್ಟರ್ ಮಾತ್ರ ಅಲ್ಲ. ಕಸ ಗುಡಿಸುವವರು, ಹಮಾಲರು, ಆಟೋದವರು, ಚಹಾ ಅಂಗಡಿ ಹುಡುಗರು, ವಾಚ್‌ಮನ್‌ಗಳು. ಒಂದು ನಿಲ್ದಾಣದಲ್ಲಿ ರಾತ್ರಿ ಪಾಳಿ ಮಾಡುವ ಅಕ್ಕನನ್ನು ಮಾತಾಡಿಸಿದೆ. "ಯಕ್ಕಾ, ನಡುವೆ ಸ್ವಲ್ಪ ಮಲಗ್ತೀರಾ?" ಅಂದೆ. "ಎಲ್ಲಿ ಮಲಗಲೋ ತಮ್ಮಾ, ಗೋಡೆಗೆ ಒರಗಿ ಕಣ್ಣು ಮುಚ್ಚೋದು. ಅದೂ ಯಾರು ಬರ್ತಾರೋ ಏನೋ ಅಂತ ಅರ್ಧ ಕಣ್ಣು ತೆಗೆದೇ ಇರ್ತದ" ಅಂದರು. ಹೆಣ್ಣುಮಗಳಿಗೆ ಒಳಗಿಂದ ಚಿಲಕ ಹಾಕಿಕೊಳ್ಳುವ ಕೋಣೆ ಇಲ್ಲ ಅಂದರೆ, ನಿದ್ದೆ ಅನ್ನೋ ಮಾತೇ ಇಲ್ಲ.

ರಾತ್ರಿ ನಿದ್ದೆಗೆಟ್ಟರೆ ಹಗಲು ಮಲಗಿದರಾಯಿತಲ್ಲ ಅಂತ ತುಂಬಾ ಜನ ಹೇಳುತ್ತಾರೆ. ನನಗೆ ಜಾಸ್ತಿ ಸಂಕಟ ಆಗೋದು ಈ ಮಾತಿಗೇ. ನಮ್ಮ ಕಡೆ ಏಪ್ರಿಲ್, ಮೇ ಬಂದರೆ ಬಿಸಿಲು 40 ಡಿಗ್ರಿ ದಾಟುತ್ತದೆ. ರಾತ್ರಿ ಪಾಳಿ ಮಾಡುವ ಎಷ್ಟೋ ಜನರ ಮನೆಗೆ ತಗಡಿನ ಮಾಳಿಗೆ. ಒಳ್ಳೆ ನಿದ್ದೆ ಬರಬೇಕಾದರೆ ಮೈ ಸ್ವಲ್ಪ ತಂಪಾಗಬೇಕು, ಅದು ದೇಹದ ನಿಯಮ. ಬೆಳಿಗ್ಗೆ 10ಕ್ಕೇ ತಗಡು ಕಾದರೆ ಮೈ ಎಲ್ಲಿ ತಂಪಾಗುತ್ತದೆ? ಕರೆಂಟ್ ಹೋದರೆ ಫ್ಯಾನೂ ಇಲ್ಲ. ಅದೇ ಒಂದೇ ಕೋಣೆಯಲ್ಲಿ ಅಡುಗೆ, ಮಕ್ಕಳು, ಟಿವಿ. ಮೂರು ತಾಸು ಹೊರಳಾಡಿ ಎದ್ದು, ಸಂಜೆ ಮತ್ತೆ ಪಾಳಿಗೆ ಹೊರಡುತ್ತಾರೆ. ದೇಶದ ಬೇರೆ ಕಡೆ ರಾತ್ರಿ ಪಾಳಿ ಒಂದು ಕಷ್ಟ. ನಮ್ಮ ಬಿಸಿಲುನಾಡಿನಲ್ಲಿ ಅದು ಎರಡು ಕಷ್ಟ.

ಅದಕ್ಕೇ ನನ್ನ ಮಾತು ಇಷ್ಟು. ನಿಲ್ದಾಣದಲ್ಲಿ ಮಾಡುವ ಕೋಣೆ ರಾತ್ರಿಗೆ ಮಾತ್ರ ಸಾಲದು, ಬೆಳಿಗ್ಗೆ ಪಾಳಿ ಮುಗಿಸಿದವರಿಗೆ ಮಧ್ಯಾಹ್ನದವರೆಗೂ ತೆರೆದಿರಬೇಕು. ದಪ್ಪ ಗೋಡೆ, ಕೂಲರ್, ಕಿಟಕಿಗೆ ಕಪ್ಪು ಪರದೆ, ಸೊಳ್ಳೆ ಬಾರದಂತೆ ಜಾಲರಿ, ಕುಡಿಯುವ ನೀರು, ಸ್ನಾನದ ಮನೆ. ಹೆಣ್ಣುಮಕ್ಕಳಿಗೆ ಬೇರೆ ಕೋಣೆ. ಗುತ್ತಿಗೆಯವರು, ಖಾಯಂನವರು ಅನ್ನೋ ಭೇದ ಬಾಗಿಲಲ್ಲಿ ಬೇಡ. ಹಮಾಲರಿಗೂ ಒಂದು ಮಂಚ ಇರಲಿ. ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ನಮ್ಮ ಕಲ್ಯಾಣ ಕರ್ನಾಟಕಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ ಇದೆ, ಅನುದಾನ ಇದೆ. ಹತ್ತು ಮಂಚದ ಕೋಣೆಗೆ ದುಡ್ಡಿಲ್ಲ ಅಂದರೆ ನಾನು ನಂಬಲ್ಲ.

ಚಿಕ್ಕ ನಿದ್ದೆ ಎಷ್ಟು ಕೆಲಸ ಮಾಡುತ್ತದೆ ಅನ್ನೋದನ್ನು ನಾಸಾದವರು ಪೈಲಟ್‌ಗಳ ಮೇಲೆ ಪರೀಕ್ಷಿಸಿ ನೋಡಿದ್ದಾರೆ. ದೂರದ ಹಾರಾಟದಲ್ಲಿ 40 ನಿಮಿಷ ಬಿಡುವು ಕೊಟ್ಟರು, ಅದರಲ್ಲಿ ಅವರು ಸರಾಸರಿ 26 ನಿಮಿಷ ನಿದ್ದೆ ಮಾಡಿದರು. ಬಿಡುವು ಸಿಗದವರಿಗಿಂತ ಚುರುಕಾಗಿದ್ದರು. ಬೆಳಗಿನ ಜಾವ 3ರಿಂದ 5ರ ನಡುವೆ ರಸ್ತೆ ಮೇಲಿರುವವರಿಗೆ ಆ 26 ನಿಮಿಷ ಅಂದರೆ ಜೀವ. ತೋರಣಗಲ್ಲು, ಗಿಣಿಗೇರಿ ಕಡೆಯ ಉಕ್ಕಿನ ಕಾರ್ಖಾನೆಗಳ ಲಾರಿಗಳು ಅದೇ ಹೊತ್ತಿಗೆ ನಮ್ಮ ಎದುರು ಬರುತ್ತಿರುತ್ತವೆ.

ರೈಲ್ವೆಯಲ್ಲಿ ಲೋಕೋ ಪೈಲಟ್‌ಗಳಿಗೆ, ಅಂದರೆ ರೈಲು ಓಡಿಸುವವರಿಗೆ, ತಂಗಲು ರನ್ನಿಂಗ್ ರೂಮ್ ಇದೆ. ಹಾಸಿಗೆ, ಊಟ ಎರಡೂ. ಹಿಂದೆ ಅವರನ್ನು ಡ್ಯೂಟಿಗೆ ಎಬ್ಬಿಸಲಿಕ್ಕೆ ಅಂತಲೇ ಕಾಲ್ ಬಾಯ್ ಇರುತ್ತಿದ್ದ. ನನಗೆ ಇದು ತುಂಬಾ ಇಷ್ಟವಾದ ಸಂಗತಿ. ಯಾಕಂದರೆ ಎದ್ದೇಳಲು ತಡವಾದರೆ ಕೆಲಸ ಹೋಗುತ್ತದೆ ಅನ್ನೋ ಭಯಕ್ಕೇ ಎಷ್ಟೋ ಜನ ಮಲಗಲ್ಲ. ಆ ಅಕ್ಕನೂ ಕೊನೆಗೆ ಕೇಳಿದ್ದು ಕೂಲರ್ ಅಲ್ಲ, ಮಂಚ ಅಲ್ಲ. "ಅರ್ಧ ತಾಸು ಸಾಕೋ ತಮ್ಮಾ. ಹೊತ್ತಿಗೆ ಎಬ್ಬಿಸೋರು ಒಬ್ರು ಇರಲಿ" ಅಂದರು.