‘ನೀವು ಬಾ’ ಎನ್ನುವಾಗ ಎಡವುವುದೆಲ್ಲಿ

ಕೇಳುಗರಿಗೆ ನಮಸ್ಕಾರ.

ಹೊರಗಿನಿಂದ ಬೆಂಗಳೂರಿಗೆ ಬಂದವರ ಕಿವಿಗೆ ಮೊದಲು ಬೀಳುವ ಕನ್ನಡ ಬಾ, ಹೋಗು, ಕೊಡು. ಆಮೇಲೆ ಯಾರೋ ತಿದ್ದುತ್ತಾರೆ: ದೊಡ್ಡವರಿಗೆ ‘ನೀನು’ ಅನ್ನಬಾರದು, ‘ನೀವು’ ಅನ್ನಬೇಕು. ಅವರು ಶ್ರದ್ಧೆಯಿಂದ ‘ನೀವು ಬಾ’ ಅನ್ನುತ್ತಾರೆ. ಹೊರದೇಶದಲ್ಲಿ ಬೆಳೆದ ನಮ್ಮ ಮಕ್ಕಳೂ ‘ತಾತ, ನೀವು ಯಾವಾಗ ಬಂದೆ?’ ಎಂದು ಕೇಳುವುದುಂಟು. ತಪ್ಪು ಮಕ್ಕಳದಲ್ಲ, ನಾವು ಕಲಿಸಿದ ಕ್ರಮದ್ದು. ಆಡುಮಾತಿನಲ್ಲಿ ‘ನೀವು’ ಎಂದು ಬಾಯಿಬಿಟ್ಟು ಹೇಳುವ ಸಂದರ್ಭವೇ ಕಡಿಮೆ. ‘ಯಾವಾಗ ಬಂದ್ರಿ?’ ಅಂದರೆ ಸಾಕು. ಮರ್ಯಾದೆ ಕೂತಿರುವುದು ಕ್ರಿಯಾಪದದ ಬಾಲದಲ್ಲಿ. ಹಾಗಾಗಿ ಮೊದಲು ಬನ್ನಿ, ಕೂತ್ಕೊಳ್ಳಿ, ತಗೊಳ್ಳಿ, ಹೇಳಿ, ಕೊಡಿ ಎಂಬ 5 ಮಾತುಗಳನ್ನು ಕಲಿಸಿ. ಬಂದ್ರಾ, ತಿಂದ್ರಾ, ಹೋಗ್ತೀರಾ ಎಂಬ ಪ್ರಶ್ನೆಗಳು ಆಮೇಲೆ. ‘ನೀವು’ ತಾನಾಗಿ ಹಿಂದೆ ಬರುತ್ತದೆ.

‘ಬಾ’ ಮತ್ತು ‘ಬನ್ನಿ’ಗಳ ನಡುವೆಯೂ ಮೆಟ್ಟಿಲುಗಳಿವೆ. ‘ಬಾರೋ’, ‘ಬಾರೇ’ ಸಲಿಗೆಯವು. ಗೆಳೆತನವಿಲ್ಲದ ಕಡೆ ಬೈಗುಳವಾಗುತ್ತವೆ. ‘ಬಾರಪ್ಪ’, ‘ಬಾರಮ್ಮ’ ಏಕವಚನವೇ ಆದರೂ ಹಿರಿಯರ ಬಾಯಲ್ಲಿ ಅಕ್ಕರೆ. ಅದನ್ನೇ ಕಿರಿಯರು ಹಿರಿಯರಿಗೆ ಅಂದರೆ ಉಡಾಫೆ.

ಇನ್ನು ‘ರೀ’. ಇದು ಮಾಡಿರಿ, ಬನ್ನಿರಿ ಎಂಬ ಬಹುವಚನದ ತುದಿ. ಧಾರವಾಡ, ವಿಜಯಪುರದ ಕಡೆ ‘ಹೌದ್ರೀ’, ‘ಇಲ್ರೀ’, ‘ಬರ್‍ರಿ’ ಎಂದು ಮಾತುಮಾತಿಗೂ ಅಂಟಿಕೊಳ್ಳುತ್ತದೆ. ಅಲ್ಲಿ ಅದು ಬಿಟ್ಟುಹೋದರೆ ಒರಟು ಎನಿಸುತ್ತದೆ. ಮೈಸೂರು, ಬೆಂಗಳೂರಿನ ಕಡೆ ಅದೇ ‘ರೀ’ ಮಾತಿನ ಮೊದಲಿಗೆ ಬಂದು ‘ರೀ, ಏನ್ರೀ ಇದು?’ ಎಂದಾದರೆ ಕೇಳುವವರ ಮುಖ ಬಿಗಿಯುತ್ತದೆ. ಹೆಂಡತಿ ಗಂಡನನ್ನು ಕರೆಯುವ ‘ರೀ’ ಮಾತ್ರ ಬೇರೆಯೇ. ಹೊಸ ಊರಿನಲ್ಲಿ ಎರಡು ದಿನ ಕಿವಿಗೊಟ್ಟು ಕೇಳಿ, ಆಮೇಲೆ ಬಳಸಿ.

‘ತಾವು’ ಎನ್ನುವುದು ಎಲ್ಲಕ್ಕಿಂತ ಮೇಲಿನ ಮೆಟ್ಟಿಲು. ಅರ್ಜಿಗೆ, ಆಹ್ವಾನಕ್ಕೆ, ವೇದಿಕೆಗೆ ಸರಿ; ಪಕ್ಕದ ಮನೆಯವರಿಗೆ ಅಂದರೆ ದೂರ ತಳ್ಳಿದಂತೆ. ‘ತಾವು’ ಎಂದು ಶುರುಮಾಡಿ ‘ನಿಮ್ಮ ಕಚೇರಿ’ ಎಂದು ಇಳಿಯಬೇಡಿ. ಅಲ್ಲಿ ‘ತಮ್ಮ ಕಚೇರಿ’ಯೇ ಬೇಕು. ಆದರೆ ‘ಅಧ್ಯಕ್ಷರು ತಮ್ಮ ಕಾರಿನಲ್ಲಿ ಬಂದರು’ ಎಂದಾಗ ಕಾರು ಯಾರದು, ಅಧ್ಯಕ್ಷರದೋ, ಪತ್ರ ಓದುತ್ತಿರುವವರದೋ? ಅನುಮಾನ ಬರುವಲ್ಲಿ ಹೆಸರನ್ನೇ ಬರೆಯಿರಿ.

ಹೆಸರಿಗೆ ‘ಅವರು’ ಸೇರಿಸುವಾಗ ಆಗುವ ತಪ್ಪು ಫ್ಲೆಕ್ಸ್‌ಗಳಲ್ಲಿ ದಿನವೂ ಕಾಣುತ್ತದೆ: ‘ರವರು’. ‘ಸಚಿವರವರು’ ಎಂಬಲ್ಲಿ ರಕಾರ ‘ಸಚಿವರು’ ಎಂಬ ಪದದ್ದು. ಅದನ್ನು ಕಿತ್ತು ಎಲ್ಲ ಹೆಸರಿಗೂ ಅಂಟಿಸುವುದು ಸಲ್ಲದು. ವಿಶ್ವೇಶ್ವರಯ್ಯನವರು, ಬೇಂದ್ರೆಯವರು, ಕುವೆಂಪು ಅವರು, ಕಾರಂತರು: ಹೆಸರಿನ ಕೊನೆಯ ಅಕ್ಷರ ಕೇಳಿದಂತೆ ಕೊಡಬೇಕು. ತನ್ನ ಹೆಸರಿಗೆ ತಾನೇ ‘ಶ್ರೀ’ ಹಾಕಿಕೊಳ್ಳುವುದಿಲ್ಲ, ‘ಅವರು’ ಸೇರಿಸುವುದಂತೂ ಇಲ್ಲವೇ ಇಲ್ಲ. ‘ಡಾ.’ ಇದ್ದಲ್ಲಿ ‘ಶ್ರೀ’ ಬೇಡ. ಮದುವೆಯಾಗಿದೆಯೋ ಇಲ್ಲವೋ ತಿಳಿಯದ ಮಹಿಳೆಯ ಹೆಸರಿಗೆ ಶ್ರೀಮತಿಯೋ ಕುಮಾರಿಯೋ ಎಂದು ಊಹಿಸುವುದಕ್ಕಿಂತ ಹೆಸರು ಬರೆದು ‘ಅವರಿಗೆ’ ಎಂದರೆ ಗೌರವ ಪೂರ್ತಿಯಾಗಿಯೇ ಸಲ್ಲುತ್ತದೆ.

ಸನ್ಮಾನ ಸಮಾರಂಭ ಏರ್ಪಡಿಸುವವರು ಇದೊಂದನ್ನು ಗಮನಿಸಬೇಕು. ಭಾರತರತ್ನ ಮತ್ತು ಪದ್ಮ ಪ್ರಶಸ್ತಿಗಳು ಸಂವಿಧಾನದ 18ನೇ ವಿಧಿ ತೆಗೆದುಹಾಕಿದ ಬಿರುದುಗಳ ಸಾಲಿಗೆ ಸೇರುವುದಿಲ್ಲ, ಆದರೆ ಅವನ್ನು ಹೆಸರಿನ ಹಿಂದೆ ಮುಂದೆ ಜೋಡಿಸಬಾರದು ಎಂದು 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆಮಂತ್ರಣದಲ್ಲಿ ಹೆಸರಿಗೆ ಮೊದಲು ‘ಪದ್ಮಶ್ರೀ’ ಎಂದು ಅಚ್ಚು ಹಾಕಿಸಿದರೆ ಮುಜುಗರ ಪ್ರಶಸ್ತಿ ಪಡೆದವರಿಗೇ. ಪರಿಚಯದ ಮಾತಿನಲ್ಲಿ ‘ಇವರಿಗೆ ಪದ್ಮಶ್ರೀ ಬಂದಿದೆ’ ಅನ್ನಿ.

ಏಕವಚನವೆಂದರೆ ಅವಮಾನ ಎಂದಲ್ಲ. ವಚನಕಾರರು ದೇವರಿಗೆ ‘ನೀನು’ ಎಂದರು; ಎಷ್ಟೋ ಮನೆಗಳಲ್ಲಿ ಅಮ್ಮನಿಗೂ ‘ನೀನು’ ಎಂದೇ. ನೋವಾಗುವುದು ಅದು ಒಂದೇ ದಿಕ್ಕಿಗೆ ಹರಿದಾಗ. ಇಪ್ಪತ್ತೈದರ ಅಧಿಕಾರಿ ಐವತ್ತೈದರ ಜವಾನನಿಗೆ ‘ಬಾ ಇಲ್ಲಿ’ ಅನ್ನುತ್ತಾನೆ, ಜವಾನ ‘ಹೇಳಿ ಸಾರ್’ ಅನ್ನುತ್ತಾನೆ. ಪೌರಕಾರ್ಮಿಕರಿಗೆ, ಆಟೋ ಓಡಿಸುವವರಿಗೆ, ಮನೆಗೆಲಸಕ್ಕೆ ಬರುವವರಿಗೆ ಕೇಳದೆಯೇ ‘ನೀನು’ ಬೀಳುತ್ತದೆ. ಇದರ ಬೇರು ಜಾತಿಯಲ್ಲಿದೆ, ಕೂಲಿಯಲ್ಲಿದೆ. ಪರಿಚಯವಿಲ್ಲದ ವಯಸ್ಕರು ಯಾರೇ ಇರಲಿ, ‘ನೀವು’ ಎಂದೇ ಶುರುಮಾಡಿ. ‘ನೀನು’ಗೆ ಇಳಿಯುವ ಮಾತನ್ನು ಹಿರಿಯರು ಎತ್ತಲಿ, ಕೆಲಸದ ಜಾಗದಲ್ಲಾದರೆ ಕೆಳಗಿನ ಹುದ್ದೆಯವರೇ ಎತ್ತಲಿ.

ಎದುರಿಗಿಲ್ಲದವರ ಮಾತಿಗೂ ಇದೇ ಲೆಕ್ಕ. ‘ಡಾಕ್ಟರ್ ಬಂದರು, ನರ್ಸ್ ಬಂದಳು’ ಅನ್ನುವವರು ಇನ್ನೂ ಇದ್ದಾರೆ, ಇಬ್ಬರೂ ಬಂದರು. ‘ಆತ’, ‘ಆಕೆ’ ನಡುವಿನ ದಾರಿಯಂತೆ ಕಂಡರೂ ಅವುಗಳ ಜೊತೆ ಸಾಮಾನ್ಯವಾಗಿ ಬರುವುದು ಬಂದ, ಬಂದಳು ಎಂಬ ಏಕವಚನವೇ. ‘ಅವರು’ ಎಂಬುದಕ್ಕೆ ಹೆಣ್ಣು ಗಂಡೆಂಬ ಗೆರೆಯಿಲ್ಲ. ಲಿಂಗತ್ವ ಅಲ್ಪಸಂಖ್ಯಾತರ ಬಗ್ಗೆ ಮಾತಾಡುವಾಗ ತಡವರಿಸಿ ‘ಅದು’ ಎಂದು ಘಾಸಿ ಮಾಡಬೇಕಿಲ್ಲ. ‘ಅವರು ಬಂದರು’ ಎಂಬ ಸಿದ್ಧ ಮಾತು ನಮ್ಮಲ್ಲಿದೆ. ಸಲಿಗೆ ಬೆಳೆದು ಏಕವಚನಕ್ಕೆ ಬಂದಾಗ ‘ಅವನು ಅನ್ನಲಾ, ಅವಳು ಅನ್ನಲಾ?’ ಎಂದು ಅವರನ್ನೇ ಕೇಳಿ, ಅವರು ಹೇಳಿದ್ದನ್ನೇ ಅವರಿಲ್ಲದಾಗಲೂ ಬಳಸಿ.

ನಮಸ್ಕಾರ.