ಯುದ್ಧವಿಮಾನ ಸಿವಿಲ್ ಏರ್‌ಪೋರ್ಟ್‌ನಲ್ಲಿ ಎಂತಕ್ಕೆ ಇಳಿಯುತ್ತದೆ?

[ದೃಶ್ಯ: ಮಳೆ, ತಿರುವನಂತಪುರ ಏರ್‌ಪೋರ್ಟ್, ಮೂಲೆಯಲ್ಲಿ ನಿಂತ ಬೂದುಬಣ್ಣದ ವಿಮಾನ]

2025ರ ಜೂನ್ 14, ರಾತ್ರಿ ಒಂಬತ್ತೂವರೆ ಹೊತ್ತು. ಬ್ರಿಟನ್ನಿನ ವಿಮಾನವಾಹಕ ನೌಕೆ ಎಚ್‌ಎಂಎಸ್ ಪ್ರಿನ್ಸ್ ಆಫ್ ವೇಲ್ಸ್‌ನಿಂದ ಹಾರಿದ ಒಂದು ಎಫ್-35ಬಿ ಯುದ್ಧವಿಮಾನಕ್ಕೆ ವಾಪಸ್ ಹಡಗಿಗೆ ಹೋಗಿ ಇಳಿಯಲು ಆಗಲಿಲ್ಲ. ಹವಾಮಾನ ಕೆಟ್ಟಿತ್ತು, ಇಂಧನ ಕಡಿಮೆಯಾಗುತ್ತಿತ್ತು. ಪೈಲಟ್ ತುರ್ತು ಸಂಕೇತ ಕಳಿಸಿ ಇಳಿದದ್ದು ತಿರುವನಂತಪುರದಲ್ಲಿ, ನಮ್ಮವರು ಗಲ್ಫಿಗೆ ಹೋಗುವ ವಿಮಾನಗಳು ಇಳಿಯುವ ಅದೇ ರನ್‌ವೇಯಲ್ಲಿ. ಆಮೇಲೆ ಹೈಡ್ರಾಲಿಕ್, ಎಂದರೆ ಎಣ್ಣೆಯ ಒತ್ತಡದಿಂದ ವಿಮಾನದ ಭಾಗಗಳನ್ನು ಆಡಿಸುವ ವ್ಯವಸ್ಥೆ, ಕೈಕೊಟ್ಟು ವಿಮಾನ ಅಲ್ಲೇ ಉಳಿಯಿತು. ಬ್ರಿಟನ್ನಿನಿಂದ ಎಂಜಿನಿಯರುಗಳು ಬಂದರು, ಹ್ಯಾಂಗರಿಗೆ ಎಳೆದುಕೊಂಡು ಹೋದರು, ಜುಲೈ 22ಕ್ಕೆ ಅದು ಹಾರಿಹೋಯಿತು.

ಆ ಒಂದು ತಿಂಗಳು ಫೋನು ತೆರೆದರೆ ಅದರದ್ದೇ ಚಿತ್ರ. ಆದರೆ ನಮ್ಮ ವಾಯುಪಡೆ ಕೊಟ್ಟ ಹೇಳಿಕೆಯಲ್ಲಿ ಒಂದು ವಿಷಯವಿತ್ತು, ಹೆಚ್ಚಿನವರು ಅದನ್ನು ಗಮನಿಸಲಿಲ್ಲ. ಆ ವಿಮಾನ ಹಾರುವ ಮೊದಲೇ, ಏನಾದರೂ ಆದರೆ ತಿರುವನಂತಪುರದಲ್ಲಿ ಇಳಿಯುವುದು ಎಂದು ನಿಗದಿಯಾಗಿತ್ತು. ಆಪತ್ತು ಬಂದ ಮೇಲೆ ಜಾಗ ಹುಡುಕಿದ್ದಲ್ಲ.

ಇವತ್ತಿನ ವಿಷಯ ಅದೇ.

[ದೃಶ್ಯ: ನಿರೂಪಕ, ಹಿಂದೆ ಕಾಸರಗೋಡು ಜಿಲ್ಲೆಯ ನಕ್ಷೆ, ಬಡಗಿಗೆ ಬಜ್ಪೆ, ತೆಂಕಿಗೆ ಕಣ್ಣೂರು]

ನಮಸ್ಕಾರ. ಕಾಸರಗೋಡಿನಲ್ಲಿ ಕೂತವರಿಗೆ ಬಡಗಿಗೆ ಮಂಗಳೂರಿನ ಬಜ್ಪೆ, ತೆಂಕಿಗೆ ಕಣ್ಣೂರು. ಎರಡೂ ಸಿವಿಲ್ ಏರ್‌ಪೋರ್ಟ್. ಸಿವಿಲ್ ಏರ್‌ಪೋರ್ಟಿಗೆ ಸೇನೆಯ ವಿಮಾನ ಬಂತು ಎಂದರೆ ಸಾಕು, ಅರ್ಧ ಗಂಟೆಯಲ್ಲಿ ವಾಟ್ಸಾಪ್‌ನಲ್ಲಿ "ಯುದ್ಧ ಶುರುವಾಗ್ತದಂತೆ" ಎಂದು ಬರುತ್ತದೆ. ಮನೆಯಲ್ಲಿರುವ ಹಿರಿಯರು ಹೆದರುತ್ತಾರೆ, ಗಲ್ಫಿನಿಂದ ಮಕ್ಕಳು ಫೋನು ಮಾಡುತ್ತಾರೆ. ಹಾಗಾಗಿ ಇದನ್ನು ಸಾವಕಾಶ ಬಿಡಿಸಿ ಹೇಳಬೇಕು ಅನಿಸಿತು.

ಮೊದಲು ಒಂದು ಹಳೆಯ ಘಟನೆ. 1971ರ ಡಿಸೆಂಬರ್, ಗುಜರಾತಿನ ಭುಜ್. ಪಾಕಿಸ್ತಾನದ ವಿಮಾನಗಳು ವಾಯುನೆಲೆಯ ರನ್‌ವೇ ಮೇಲೆ ಬಾಂಬು ಹಾಕಿದವು. ರನ್‌ವೇಯಲ್ಲಿ ಹೊಂಡ ಬಿದ್ದರೆ ಯುದ್ಧವಿಮಾನ ಇದ್ದೂ ಇಲ್ಲದ ಹಾಗೆ, ಏರಲಿಕ್ಕೂ ಆಗದು, ಇಳಿಯಲಿಕ್ಕೂ ಆಗದು. ಆಗ ಪಕ್ಕದ ಮಾಧಾಪರ ಊರಿನ ಸುಮಾರು 300 ಹೆಂಗಸರು ಬಂದು 72 ಗಂಟೆಗಳಲ್ಲಿ ಅದನ್ನು ಸರಿಮಾಡಿ ಕೊಟ್ಟರು. ಮೇಲಿಂದ ಕಾಣದ ಹಾಗೆ ಸೆಗಣಿ ಸಾರಿಸಿದರು. ಶತ್ರುವಿಮಾನದ ಸೈರನ್ ಆದಾಗಲೆಲ್ಲ ಓಡಿಹೋಗಿ ಪೊದೆಗಳಲ್ಲಿ ಅಡಗಿ, ಮತ್ತೆ ಬಂದು ಕೆಲಸ ಮಾಡಿದರು. ಇದನ್ನು ಓದಿದಾಗೆಲ್ಲ ನನಗೆ ಆ ತಾಯಂದಿರ ಬಗ್ಗೆ ಕೈಮುಗಿಯಬೇಕು ಅನಿಸುತ್ತದೆ. ಆದರೆ ಆ 72 ಗಂಟೆ ಹೊತ್ತು ಅಲ್ಲಿನ ವಿಮಾನಗಳಿಗೆ ಬೇರೆ ರನ್‌ವೇ ಬೇಕಾಗುತ್ತದಲ್ಲ? ಯುದ್ಧದಲ್ಲಿ ಮೊದಲ ಪೆಟ್ಟು ಬೀಳುವುದೇ ರನ್‌ವೇಗೆ. ಹಾಗಾಗಿ ಎರಡನೆಯದು, ಮೂರನೆಯದು ಗೊತ್ತಿರಲೇಬೇಕು.

[ದೃಶ್ಯ: ಹೆದ್ದಾರಿ ಮೇಲೆ ಇಳಿಯುವ ವಿಮಾನದ ಗ್ರಾಫಿಕ್ಸ್]

ಅದಕ್ಕಾಗಿಯೇ ಹೆದ್ದಾರಿಯನ್ನೂ ಬಿಡಲಿಲ್ಲ. 2015ರಲ್ಲಿ ಯಮುನಾ ಎಕ್ಸ್‌ಪ್ರೆಸ್‌ವೇಯಲ್ಲಿ ವಾಯುಪಡೆಯ ಮಿರಾಜ್ 2000 ಯುದ್ಧವಿಮಾನ ಇಳಿಯಿತು. 2021ರ ಸೆಪ್ಟೆಂಬರ್‌ನಲ್ಲಿ ರಾಜಸ್ಥಾನದ ರಾಷ್ಟ್ರೀಯ ಹೆದ್ದಾರಿಯಲ್ಲಿ ತುರ್ತು ಇಳಿದಾಣ ಉದ್ಘಾಟನೆಯಾಯಿತು. ದಕ್ಷಿಣದಲ್ಲಿ ಆಂಧ್ರದ ಬಾಪಟ್ಲ ಜಿಲ್ಲೆಯಲ್ಲಿ ಹೆದ್ದಾರಿ 16ರ ಮೇಲೆ 2022ರ ಡಿಸೆಂಬರ್‌ನಲ್ಲಿಯೂ 2024ರ ಮಾರ್ಚ್‌ನಲ್ಲಿಯೂ ಅಭ್ಯಾಸ ನಡೆಯಿತು. ಹೆದ್ದಾರಿಗಿಂತ ಏರ್‌ಪೋರ್ಟ್ ಒಳ್ಳೆಯದು ಎಂದು ಬೇರೆ ಹೇಳಬೇಕಾಗಿಲ್ಲ. ಲೈಟ್ ಉಂಟು, ಟವರ್ ಉಂಟು, ಬೆಂಕಿ ನಂದಿಸುವವರು ಉಂಟು.

ಹಾಗಾದರೆ ನಕ್ಷೆಯಲ್ಲಿ ಗುರುತು ಹಾಕಿಟ್ಟರೆ ಸಾಲದೇ? ಸೇನೆಯ ವಿಮಾನ ಅಲ್ಲಿಗೇ ಬಂದು ಇಳಿಯುವ ಅಭ್ಯಾಸ ಮಾಡುವುದು ಎಂತಕ್ಕೆ?

ಕಾರಣ ಕಣ್ಣು. ವಿಮಾನ ಸಾಮಾನ್ಯವಾಗಿ 3 ಡಿಗ್ರಿ ಇಳಿಜಾರಿನಲ್ಲಿ ಬರುತ್ತದೆ. ರನ್‌ವೇ ತುದಿಗೆ ಐದು ಕಿಲೋಮೀಟರ್ ಇರುವಾಗ ನೆಲದಿಂದ ಸುಮಾರು 260 ಮೀಟರ್ ಮೇಲಿರಬೇಕು. ದಿನಾ ಅಗಲ ರನ್‌ವೇ ನೋಡಿದ ಪೈಲಟ್‌ಗೆ ಕಿರಿದಾದ ರನ್‌ವೇ ಕಂಡಾಗ ತಾನು ಇನ್ನೂ ತುಂಬ ಮೇಲಿದ್ದೇನೆ ಎಂದು ಅನಿಸುತ್ತದೆ. ಆ ಭ್ರಮೆಯಲ್ಲಿ ಬೇಕಾದ್ದಕ್ಕಿಂತ ಕೆಳಗೆ ಇಳಿದುಬಿಡುವ ಅಪಾಯ ಉಂಟು. ಬಜ್ಪೆಯಂಥ ಟೇಬಲ್‌ಟಾಪ್ ರನ್‌ವೇ ಇನ್ನೂ ಕಷ್ಟ. ಗುಡ್ಡದ ನೆತ್ತಿ ಕಡಿದು ಮಾಡಿದ್ದು, ತುದಿ ದಾಟಿದರೆ ಕಣಿವೆ. 2010ರ ಮೇ 22ರಂದು ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ದಾಟಿ ಬಿದ್ದು 158 ಜನ ಹೋದರು. ಅವರಲ್ಲಿ ಎಷ್ಟೋ ಮಂದಿ ನಮ್ಮ ಜಿಲ್ಲೆಯವರು. ಅಲ್ಲಿನ ರನ್‌ವೇ ಎಂದರೆ ಏನು ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಗುರುತಿಲ್ಲದ ಗುಡ್ಡದ ದಾರಿಯಲ್ಲಿ ಮಳೆಗಾಲದ ರಾತ್ರಿ ಬೈಕು ಬಿಟ್ಟವರಿಗೆ ಇದು ಅರ್ಥವಾಗುತ್ತದೆ. ಹಗಲಲ್ಲಿ ಒಮ್ಮೆ ಹೋಗಿ ಬಂದ ದಾರಿಯಾದರೆ ಧೈರ್ಯವೇ ಬೇರೆ.

[ದೃಶ್ಯ: ಚಕ್ರದ ಹತ್ತಿರದ ಚಿತ್ರ, ನಿಧಾನಗತಿ]

ಈ ಅಭ್ಯಾಸದಲ್ಲಿ ಹೆಚ್ಚಾಗಿ ಮಾಡುವುದು ಟಚ್ ಆಂಡ್ ಗೋ. ನೋಡಿ, ಹಿಂದಿನ ಚಕ್ರ ಎರಡು ನೆಲಕ್ಕೆ ತಾಗಿದವು. ತಾಗಿದ ಕ್ಷಣ ಚಕ್ರ ತಿರುಗುತ್ತಿರುವುದಿಲ್ಲ, ವಿಮಾನ ಗಂಟೆಗೆ 250 ಕಿಲೋಮೀಟರ್ ಆಸುಪಾಸಿನ ವೇಗದಲ್ಲಿರುತ್ತದೆ. ರಬ್ಬರ್ ಉಜ್ಜಿ ಬಿಳಿ ಹೊಗೆ ಏಳುತ್ತದೆ. ಮೂತಿಯ ಚಕ್ರ ಕೆಳಗೆ ಬರುವಷ್ಟರಲ್ಲಿ ಪೈಲಟ್ ಬ್ರೇಕಿಗೆ ಹೋಗುವುದಿಲ್ಲ, ಎಂಜಿನ್ ಪೂರ್ತಿ ಕೊಡುತ್ತಾನೆ, ಮತ್ತೆ ಮೇಲೆ. ಕೆಳಗಿರುವವರಿಗೆ ಎದೆ ನಡುಗುವ ಶಬ್ದ ಕೇಳುವುದು ಆಗಲೇ. ಕೆಲವೊಮ್ಮೆ ನೆಲ ಮುಟ್ಟುವುದೂ ಇಲ್ಲ, ಹತ್ತಿರ ಬಂದು ಹಾಗೆಯೇ ಏರುತ್ತದೆ. 2024ರ ಅಕ್ಟೋಬರ್‌ನಲ್ಲಿ ನವಿ ಮುಂಬಯಿಯ ಹೊಸ ರನ್‌ವೇಯಲ್ಲಿ ಮೊದಲು ಇಳಿದದ್ದು ವಾಯುಪಡೆಯ ಸಾಗಣೆ ವಿಮಾನ ಸಿ-295. ಜೊತೆಗೆ ಬಂದ ಸುಖೋಯ್ ಯುದ್ಧವಿಮಾನ ರನ್‌ವೇ ಮೇಲೆ ಕೆಳಮಟ್ಟದಲ್ಲಿ ಹಾರಿಹೋಯಿತು. ನಮ್ಮ ಪಕ್ಕದ ಕಣ್ಣೂರಿನಲ್ಲಿಯೂ 2016ರ ಫೆಬ್ರವರಿ 29ರಂದು ಪರೀಕ್ಷೆಗೆಂದು ಮೊದಲು ಇಳಿದದ್ದು ವಾಯುಪಡೆಯ ಡಾರ್ನಿಯರ್ ಎಂಬ ಸಣ್ಣ ವಿಮಾನ. ಪ್ರಯಾಣಿಕರಿಗೆ ಏರ್‌ಪೋರ್ಟ್ ತೆರೆದದ್ದು 2018ರ ಡಿಸೆಂಬರ್‌ನಲ್ಲಿ.

ಪೈಲಟ್ ಒಬ್ಬನೇ ಕಲಿಯುವುದಲ್ಲ. ಏರ್‌ಪೋರ್ಟಿನ ಅಗ್ನಿಶಾಮಕದವರನ್ನು ತೆಗೆದುಕೊಳ್ಳಿ. ಪ್ರಯಾಣಿಕರ ವಿಮಾನಕ್ಕೆ ಏನಾದರೂ ಆದರೆ ಬಾಗಿಲು ಎಲ್ಲುಂಟು, ಹೇಗೆ ತೆರೆಯುವುದು ಎಂದು ಅವರಿಗೆ ಕರತಲಾಮಲಕ. ಯುದ್ಧವಿಮಾನದಲ್ಲಿ ಪೈಲಟ್ ಕೂತ ಸೀಟಿನ ಅಡಿಯಲ್ಲೇ ರಾಕೆಟ್ ಉಂಟು. ಆಪತ್ತಿನಲ್ಲಿ ಸೀಟು ಸಮೇತ ಹೊರಗೆ ಚಿಮ್ಮಿಸಲು ಇಟ್ಟದ್ದು. ಪೈಲಟ್ ಪ್ರಜ್ಞೆ ತಪ್ಪಿದ್ದರೆ, ಬಿಡಿಸಲು ಹೋದವರು ತಿಳಿಯದೆ ಹ್ಯಾಂಡಲ್ ಎಳೆದರೆ ಇಬ್ಬರ ಜೀವವೂ ಹೋಗುತ್ತದೆ. ಮೊದಲು ಸುರಕ್ಷಾ ಪಿನ್ನು ಎಲ್ಲಿ ಹಾಕಬೇಕು ಎಂದು ಗೊತ್ತಿರಬೇಕು. ಇದನ್ನು ಪುಸ್ತಕ ಓದಿ ಕಲಿಯುವುದು ಕಷ್ಟ, ವಿಮಾನ ಎದುರಿಗೆ ನಿಂತಿರಬೇಕು.

ರನ್‌ವೇ ಗುಡಿಸುವವರ ಕೆಲಸವೂ ಹಗುರವಲ್ಲ. ಯುದ್ಧವಿಮಾನದ ಎಂಜಿನ್ ಗಾಳಿ ಎಳೆದುಕೊಳ್ಳುವ ಬಾಯಿ ನೆಲಕ್ಕೆ ಹತ್ತಿರ. ಒಂದು ಸಣ್ಣ ಕಲ್ಲು, ಒಂದು ಬೋಲ್ಟು ಒಳಗೆ ಹೋದರೆ ಎಂಜಿನ್ ಹಾಳು. ಮಿಗ್-29ರಲ್ಲಿ ನೆಲದ ಮೇಲೆ ಓಡುವಾಗ ಆ ಬಾಯಿಯನ್ನು ಮುಚ್ಚುವ ಬಾಗಿಲನ್ನೇ ಇಟ್ಟಿದ್ದಾರೆ ಎಂದರೆ ಊಹಿಸಿ.

ಇದರಿಂದ ಪ್ರಯಾಣಿಕರಿಗೆ ತೊಂದರೆ ಇಲ್ಲವೇ? ಉಂಟು, ಇಲ್ಲ ಎಂದು ಹೇಳುವುದು ಸರಿಯಲ್ಲ. ಗೋವಾದ ದಾಬೋಲಿಂ ನೌಕಾಪಡೆಯ ನೆಲೆ. ಅಲ್ಲಿ ವಾರದ ದಿನಗಳಲ್ಲಿ ಬೆಳಗ್ಗಿನ ಹೊತ್ತು ನೌಕಾಪಡೆಯ ತರಬೇತಿಗೆ ಮೀಸಲಾಗಿ, ಪ್ರಯಾಣಿಕರ ವಿಮಾನಗಳಿಗೆ ಸಮಯ ಸಿಗದೆ ವರ್ಷಗಟ್ಟಲೆ ಒದ್ದಾಟವಾಗಿದೆ. ಶಬ್ದದ ಕಷ್ಟವಂತೂ ರನ್‌ವೇ ಬುಡದಲ್ಲಿ ಮನೆ ಇರುವವರಿಗೇ ಗೊತ್ತು. ತೊಟ್ಟಿಲ ಮಗು, ಹಟ್ಟಿಯ ದನ, ಹೃದಯದ ಕಾಯಿಲೆಯ ಹಿರಿಯರು, ಇವರಿಗೆಲ್ಲ ದೇಶರಕ್ಷಣೆಯ ಮಾತು ಹೇಳಿ ಸುಮ್ಮನಿರಿಸುವುದು ನ್ಯಾಯವಲ್ಲ.

ಪೈಲಟ್‌ಗಳಿಗೆ ಮುಂಚಿತವಾಗಿ ನೋಟಾಮ್ ಎಂಬ ಸೂಚನೆ ಹೋಗುತ್ತದೆ. ಇಂಥ ದಿನ, ಇಷ್ಟು ಹೊತ್ತಿಗೆ, ಇಂಥ ಜಾಗದಲ್ಲಿ ಹಾರಾಟ ಎಂದು. ಕೆಳಗೆ ಬದುಕುವವರಿಗೂ, ಗುಟ್ಟು ಬಿಟ್ಟುಕೊಡದೆ ಹೇಳಬಹುದಾದಷ್ಟನ್ನು, ಹಿಂದಿನ ದಿನ ಹೇಳಬೇಕು. ನಮ್ಮ ಜಿಲ್ಲೆಯಲ್ಲಿ ಅದನ್ನು ಕನ್ನಡದಲ್ಲಿಯೂ ಹೇಳಬೇಕು. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ ಕಡೆ ಮಲಯಾಳಂ ಓದಲು ಬಾರದ ಅಜ್ಜಿಯಂದಿರು ಇನ್ನೂ ಇದ್ದಾರೆ. ಪ್ರಕಟಣೆ ಅವರಿಗೆ ಅರ್ಥವಾಗದಿದ್ದರೆ ವಾಟ್ಸಾಪ್ ಸುದ್ದಿಯೇ ಅವರಿಗೆ ಸತ್ಯ. ಪಂಚಾಯತ್ ಮೈಕಿನಲ್ಲಿ ಎರಡು ವಾಕ್ಯ ಹೇಳಿದರೂ ಸಾಕು.

[ದೃಶ್ಯ: ವಿಮಾನದ ಕಿಟಕಿ, ಪರದೆ ಇಳಿಸಿದ್ದು]

ನಾವು ಮಾಡಬೇಕಾದ್ದೂ ಉಂಟು. ಸೇನೆಯ ವಿಮಾನ ಕಂಡರೆ ಕೂಡಲೇ ಲೈವ್ ಹಾಕಬೇಡಿ. ಎಲ್ಲಿ, ಯಾವಾಗ, ಎಷ್ಟು ವಿಮಾನ ಎಂಬುದೇ ಇನ್ನೊಬ್ಬರಿಗೆ ಬೇಕಾದ ಮಾಹಿತಿ. ಪುಣೆ, ಗೋವಾದಂಥ ಸೇನೆಯ ನೆಲೆಗಳಲ್ಲಿ ವಿಮಾನ ಹತ್ತುವಾಗ, ಇಳಿಯುವಾಗ ಫೋಟೋ ತೆಗೆಯುವುದು ನಿಷಿದ್ಧ, ಗಗನಸಖಿ ಹೇಳಿದಾಗ ಫೋನು ಒಳಗಿಡಿ. ಮನೆಯಲ್ಲಿ ಹಿರಿಯರು ಹೆದರಿದ್ದರೆ ಈ ವಿಡಿಯೋ ಅವರಿಗೆ ತೋರಿಸಿ. ಹಾರಾಟದಿಂದ ಗೋಡೆ ಬಿರುಕು ಬಿಟ್ಟಿದೆ, ಹೆಂಚು ಜಾರಿದೆ ಎಂದಾದರೆ ದಿನಾಂಕ, ಹೊತ್ತು ಬರೆದಿಟ್ಟು ಫೋಟೋ ಸಮೇತ ವಿಲೇಜ್ ಆಫೀಸಿಗೆ ಕನ್ನಡದಲ್ಲಿಯೇ ಅರ್ಜಿ ಕೊಡಿ, ಸ್ವೀಕರಿಸಿದ ರಶೀದಿ ಕೇಳಿ ಪಡೆಯಿರಿ.