ಮೊದಲ ಫಲಕವಿದ್ದ ಮನೆ

ನಮಸ್ಕಾರ ಕೇಳುಗರೇ. ಹಳೇ ಮನೆಯ ಗೋಡೆ ಮೇಲೆ ‘ಇಂಥವರು ಇಲ್ಲಿ ವಾಸವಿದ್ದರು’ ಅಂತ ಬರೆದ ಫಲಕ ಕಂಡರೆ ನಾನು ನಿಂತೇ ಬಿಡುತ್ತೇನೆ. ಲಂಡನ್ನಿನಲ್ಲಿ ಇಂಥ ಫಲಕಗಳು ಹೆಚ್ಚುಕಮ್ಮಿ ಸಾವಿರ ಇವೆ. ದುಂಡಗೆ, ನೀಲಿ ಬಣ್ಣದವು. ಆದರೆ ಮೊಟ್ಟಮೊದಲು ಹಾಕಿದ ಫಲಕ ಮಾತ್ರ ಈಗಿಲ್ಲ. ಅದಿದ್ದ ಮನೆಯೂ ಇಲ್ಲ.

ಆಕ್ಸ್‌ಫರ್ಡ್ ಸ್ಟ್ರೀಟ್‌ನಿಂದ ಕ್ಯಾವೆಂಡಿಷ್ ಸ್ಕ್ವೇರ್ ಕಡೆಗೆ ಒಂದು ಚಿಕ್ಕ ರಸ್ತೆ ಹೋಗುತ್ತದೆ, ಹಾಲಿಸ್ ಸ್ಟ್ರೀಟ್ ಅಂತ. 1788ರ ಜನವರಿ 22ರಂದು ಕವಿ ಬೈರನ್ ಹುಟ್ಟಿದ್ದು ಅಲ್ಲೇ. ಅರಮನೆಯೇನಲ್ಲ ಅದು. ಗಂಡ ಅವಳ ಆಸ್ತಿಯನ್ನೆಲ್ಲ ಕರಗಿಸಿ, ಸಾಲ ಕೊಟ್ಟವರ ಕಣ್ಣು ತಪ್ಪಿಸಿಕೊಂಡು ಓಡಾಡುತ್ತಿದ್ದಾಗ, ಬೈರನ್ನನ ತಾಯಿ, ಬಸುರಿ ಕ್ಯಾಥರೀನ್ ಗಾರ್ಡನ್ ಹೆರಿಗೆಗೆ ಅಂತ ಹಿಡಿದ ಬಾಡಿಗೆ ಬಿಡಾರ. ಮಗು ಅಲ್ಲಿ ಜಾಸ್ತಿ ದಿನ ಇರಲೂ ಇಲ್ಲ. ತಾಯಿ ಅದನ್ನು ಎತ್ತಿಕೊಂಡು ಸ್ಕಾಟ್ಲೆಂಡಿನ ಅಬರ್ಡೀನ್‌ಗೆ ಹೋದಳು.

1863ರಲ್ಲಿ ವಿಲಿಯಂ ಯೂವರ್ಟ್ ಅನ್ನುವ ಸಂಸದರು ಪಾರ್ಲಿಮೆಂಟಿನಲ್ಲಿ ಒಂದು ಮಾತು ಎತ್ತಿದರು. ದೊಡ್ಡವರು ಬಾಳಿದ ಮನೆಗಳಿಗೆ ಗುರುತು ಹಾಕಬಾರದೇಕೆ ಅಂತ. ಸೊಸೈಟಿ ಆಫ್ ಆರ್ಟ್ಸ್ ಅನ್ನುವ ಸಂಘ ಆ ಕೆಲಸ ಕೈಗೆತ್ತಿಕೊಂಡು 1867ರಲ್ಲಿ ಬೈರನ್ ಹುಟ್ಟಿದ ಮನೆಗೆ ಮೊದಲ ಫಲಕ ಹಾಕಿತು. ಅದೇ ವರ್ಷ ಕಿಂಗ್ ಸ್ಟ್ರೀಟ್‌ನಲ್ಲಿ ಮೂರನೇ ನೆಪೋಲಿಯನ್ ಇದ್ದ ಮನೆಗೂ ಒಂದು ಬಂತು. ಆಗ ಆತ ಇನ್ನೂ ಬದುಕಿದ್ದ, ಫ್ರಾನ್ಸಿನ ಚಕ್ರವರ್ತಿಯಾಗಿದ್ದ. ಆ ಫಲಕ ಇವತ್ತಿಗೂ ಇದೆ, ಉಳಿದವುಗಳಲ್ಲಿ ಅದೇ ಅತ್ಯಂತ ಹಳೆಯದು.

ಬೈರನ್ನನ ಮನೆಯನ್ನು 1889ರಲ್ಲಿ ಕೆಡವಿದರು. ಗೋಡೆಯ ಜೊತೆ ಫಲಕವೂ ಹೋಯಿತು. ಬರೀ 22 ವರ್ಷ! ತಡೆಯೋಕೆ ಕಾನೂನಾದರೂ ಇತ್ತಾ ಅಂದರೆ, ಹಳೇ ಸ್ಮಾರಕಗಳ ಮೊದಲ ಕಾಯ್ದೆ 1882ರಲ್ಲೇ ಬಂದಿತ್ತು. ಆದರೆ ಅದು ಸ್ಟೋನ್‌ಹೆಂಜ್‌ನಂಥ ಬಹಳ ಪುರಾತನ ಕಲ್ಲುಗಳಿಗೆ, ಜನ ವಾಸ ಮಾಡೋ ಮನೆಗಳಿಗಲ್ಲ. ಸೊಸೈಟಿ 1901ರವರೆಗೆ ಹಾಕಿದ್ದು ಸುಮಾರು 35 ಫಲಕ. ಅರ್ಧದಷ್ಟೂ ಉಳಿದಿಲ್ಲ. ಇವತ್ತಿಗೂ ನೀಲಿ ಫಲಕ ಇದೆ ಅನ್ನುವ ಒಂದೇ ಕಾರಣಕ್ಕೆ ಮನೆಗೆ ಕಾನೂನಿನ ರಕ್ಷಣೆ ಸಿಗೋದಿಲ್ಲ. ಫಲಕ ಹಾಕಿದರು ಅಂದರೆ ಮನೆ ಉಳೀತು ಅಂತ ನಾವು ಸುಮ್ನೆ ನಂಬಿಬಿಡುತ್ತೇವೆ, ಅಲ್ವಾ?

ಈಗ ಈ ಫಲಕಗಳನ್ನು ನೋಡಿಕೊಳ್ಳುವುದು ಇಂಗ್ಲಿಷ್ ಹೆರಿಟೇಜ್ ಅನ್ನುವ ಸಂಸ್ಥೆ. ಅವರದ್ದೊಂದು ನಿಯಮ: ಆ ವ್ಯಕ್ತಿ ಇದ್ದ ಕಟ್ಟಡ ಇನ್ನೂ ನಿಂತಿರಬೇಕು. ನಿಯಮ ಯಾಕೆ ಅಂತ ನನಗೆ ಅರ್ಥವಾಗುತ್ತದೆ. ಅದೇ ಬಾಗಿಲು, ಅದೇ ಕಿಟಕಿ ಎದುರಿಗಿದ್ದರೆ ಆ ಮಾತಿಗೆ ತೂಕವೇ ಬೇರೆ. ಆದರೂ ಮನಸ್ಸು ಒಪ್ಪೋದಿಲ್ಲ. ನಿಂತ ಮನೆ ತನ್ನ ಕತೆಯನ್ನು ಅಷ್ಟೋ ಇಷ್ಟೋ ತಾನೇ ಹೇಳಿಕೊಳ್ಳುತ್ತದೆ, ಬಿದ್ದ ಮನೆಗೆ ಬಾಯಿ ಎಲ್ಲಿದೆ? ಅದಕ್ಕೇ ಗುರುತು ಜಾಸ್ತಿ ಬೇಕಾಗಿರೋದು ಅಂತ ನಾನಂತೂ ಅಂದುಕೊಂಡಿದ್ದೇನೆ.

ಆ ಜಾಗದಲ್ಲಿ ಈಗ ಜಾನ್ ಲೂಯಿಸ್ ಅಂಗಡಿ ಇದೆ. 1940ರಲ್ಲಿ ಜರ್ಮನ್ ಬಾಂಬಿಗೆ ಸುಟ್ಟುಹೋಗಿ, ಯುದ್ಧ ಮುಗಿದ ಮೇಲೆ ಮತ್ತೆ ಕಟ್ಟಿದ್ದು. ಹಾಲಿಸ್ ಸ್ಟ್ರೀಟ್ ಕಡೆಯ ಗೋಡೆಗೆ 1963ರಲ್ಲಿ ಶಿಲ್ಪಿ ಬಾರ್ಬರಾ ಹೆಪ್‌ವರ್ತ್ ಮಾಡಿದ ದೊಡ್ಡ ಲೋಹದ ರೆಕ್ಕೆಗಳನ್ನು ಏರಿಸಿದರು. ಕತ್ತೆತ್ತಿದವರಿಗೆ ಮೊದಲು ಕಾಣೋದು ಅವೇ. ಬೈರನ್ ಹೆಸರಿನ ಫಲಕವೂ ಆ ಕಟ್ಟಡದ ಮೇಲೆ ಮತ್ತೆ ಬಂದಿದೆ, ಆದರೆ ಅದು ನೀಲಿಯಲ್ಲ, ವೆಸ್ಟ್‌ಮಿನ್‌ಸ್ಟರ್ ನಗರಾಡಳಿತದ ಹಸಿರು ಫಲಕ. ಆ ದಾರಿಯಲ್ಲಿ ಹೋದರೆ ರೆಕ್ಕೆ ನೋಡಿದ ಮೇಲೆ ಅದನ್ನೂ ಹುಡುಕಿ ಓದಿ.

ನಮಸ್ಕಾರ.